ಅಟ್ಟದ ಹಸಿಗಾಯಿ ಗಡಗಡ ಎಂದದ್ದು

ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಕ್ಕು, ಸಾರು ಉಕ್ಕೀತೆಂದು ಒಳಗೆ ಎದ್ದು ಹೋಗುತ್ತಿದ್ದೆ. ನೀವು ನಕ್ಕರೂ ಬೇಸರವಿಲ್ಲ.

ಲಾತೂರಿನ ಕಡೆ ಭೂಕಂಪವಾದ ಮರುವರ್ಷ. ನನ್ನ ನಾದಿನಿ ಶಾರದೆ ಭೂವಿಜ್ಞಾನ ಓದುತ್ತಿದ್ದಳು. ನೊಣವಿನಕೆರೆ ಸುತ್ತಿನಲ್ಲಿ ಆ ಓದಿಗೆ ಹೋದ ಹೆಣ್ಣು ನಮ್ಮವಳೊಬ್ಬಳೇ ಎಂದು ಕಂಡವರಿಗೆಲ್ಲ ಹೇಳುತ್ತಿದ್ದೆ. ಅವಳು ರಜೆಗೆ ಬಂದಾಗ ಅತ್ತೆ ಕಾಲು ಮುರಿದುಕೊಂಡು ನಡುಮನೆಯ ಮಂಚದಲ್ಲಿದ್ದರು. ತಲೆಯ ಮೇಲೇ ಕೊಬ್ಬರಿ ಅಟ್ಟ. ಆ ವಾರವಷ್ಟೇ ಹೊಸ ಕಾಯಿ ತುಂಬಿಸಿದ್ದೆವು. ವರ್ಷ ಕಳೆದು ನೀರು ಇಂಗಿದ ಮೇಲೆ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗಡಗಡ ಎನ್ನುತ್ತದೆ. ಹಸಿಗಾಯಿಗೆ ಆ ಸದ್ದಿಲ್ಲ.

ಮಧ್ಯಾಹ್ನ ಉಣ್ಣುತ್ತಾ ಅತ್ತೆ ಕೇಳಿದರು: "ಒಂದ್ಸಲ ನಡುಗಿದ್ಮೇಲೆ ಸುಮ್ಕಾಗೋದ್ ಬುಟ್ಟು, ನೆಲ ಮತ್ತೆ ಮತ್ತೆ ಯಾಕೆ ನಡುಗ್ತದೇ?"

"ಒಂದು ಕಡೆ ಜಾರಿದ್ರೆ ಅಲ್ಲಿನ ಒತ್ತಡ ಇಳೀತದೆ ಕಣಮ್ಮ, ಅಕ್ಕಪಕ್ಕ ಕೆಲವು ಕಡೆ ಏರ್ತದೆ. ಏರಿದ ಕಡೆ ಮರುಕಂಪನ ಜಾಸ್ತಿ, ಇಳಿದ ಕಡೆ ಕಮ್ಮಿ. ಯಾವತ್ತು ಅಂತ ಮಾತ್ರ ಹೇಳಕ್ಕಾಗಲ್ಲ."

"ದಿನ ಹೇಳ್ದಿರೋ ಓದು ಎಂಥದೇ? ಪಂಚಾಂಗದೋರೇ ವಾಸಿ ಬುಡು."

ಅಷ್ಟರಲ್ಲಿ ಅಟ್ಟದ ಬಾಗಿಲ ಕಡೆಯ ತೊಲೆ ಲಟಕ್ಕನೆ ಮುರಿದು, ಅಲ್ಲಿ ದೊಡ್ಡ ತೂತಾಯಿತು. ಬಿದ್ದ ಕಾಯಿರಾಶಿಗೆ ಬಾಗಿಲೇ ಮುಚ್ಚಿಹೋಯಿತು. ಗಂಡಸರು ತೋಟದಲ್ಲಿದ್ದರು. ನಾನು ಮಂಚವನ್ನು ಹಿಂದಿನ ಗೋಡೆಯತ್ತ ಎಳೆಯಹೋದೆ.

"ಅತ್ಗೆ, ಅತ್ಲಾಗೆ ಬ್ಯಾಡ. ತೂತಿನ ಕೆಳಕ್ಕೆ ಎಳೀರಿ," ಎಂದಳು ಶಾರದೆ, ಕಾಲಿನಿಂದಲೇ ಕಾಯಿಗಳನ್ನು ಸರಿಸುತ್ತಾ.

"ಹೆತ್ತವ್ಳನ್ನ ತೂತಿನ ಕೆಳಗೆ ಮಲಗಿಸ್ತೀಯೇನೇ?"

"ಅಲ್ಲಿ ಬೀಳೋದು ಬಿದ್ದಾಯ್ತು ಕಣಮ್ಮ. ಮುರಿದ ತೊಲೆ ಹೊರ್ತಿದ್ದ ಮಿಕ್ಕ ಭಾರಾನೂ ಈಗ ನಿನ್ನ ಮೇಲಿರೋ ತೊಲೆ ಹೊತ್ತದೆ."

ಅತ್ತೆ ಒಪ್ಪದೆ ಗೋಡೆಯ ಗೂಟ ಹಿಡಿದುಕೊಂಡರು. ಆಗ ಅಟ್ಟದ ಕಾಯಿಗಳೆಲ್ಲ ಒಟ್ಟಿಗೆ ಗಡಗಡ ಎಂದವು, ವರ್ಷ ತುಂಬಿದ ಕೊಬ್ಬರಿಯ ಹಾಗೆ. ನೆಲ ಅಲುಗಲಿಲ್ಲ. ತಂಬಿಗೆಯ ನೀರೂ ತುಳುಕಲಿಲ್ಲ.

"ಹಸಿಗಾಯಿ ಕಣೇ ಅವು," ಎಂದು ಅತ್ತೆ ಗೂಟ ಬಿಟ್ಟರು. "ಎಳೀರಿ."

ಎಳೆದು ನಿಲ್ಲಿಸಿದೆವು, ಅಷ್ಟೆ. ಎರಡನೆಯ ತೊಲೆ ಮುರಿದು, ಮಂಚವಿದ್ದ ಜಾಗದಿಂದ ಹಿಂದಿನ ಗೋಡೆಯವರೆಗೂ ಕಾಯಿ ಸುರಿಯಿತು. ನಮ್ಮ ಮೇಲೆ ಬಿದ್ದದ್ದು ಬರೀ ಧೂಳು.

ಕಾಲು ನೋಡಲು ಬಂದವರಿಗೆಲ್ಲ ಅತ್ತೆ, "ನೆಲದೊಳಗಿಂದು ಓದಿದೋಳು ಅಟ್ಟನೂ ಓದ್ಬುಟ್ಲು, ನನ್ ಮಗ್ಳು," ಎನ್ನುತ್ತಿದ್ದರು. ಸದ್ದಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಕಾಯಿಗಳನ್ನು ಒಟ್ಟುವಾಗ ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ ನೋಡಿದೆ. ಎಲ್ಲದರಲ್ಲೂ ನೀರು. ಅಕ್ಕಪಕ್ಕದ ಮನೆಯವರಿಗೆ ಏನೂ ಕೇಳಿಸಿರಲಿಲ್ಲ.

"ಭಾರ ಎಲ್ಲಿ ಹೋಯ್ತು ಅಂತ ಹೇಳ್ಬಲ್ಲೆ ಅತ್ಗೆ," ಎಂದಳು ಶಾರದೆ. "ಆ ಸದ್ದು ಎಲ್ಲಿಂದ ಬಂತೋ, ನಂಗೊತ್ತಿಲ್ಲ."

ಈಗ ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬಂದಾಗಲೆಲ್ಲ ಕೇಳುತ್ತೇನೆ. ಏನಾದರೊಂದು ಕಟ್ಟಿ ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಇವತ್ತಿಗೂ ಅದೇ ಉತ್ತರ ಕೊಡುತ್ತಾಳೆ.