ಮಣ್ಣಿನ ಗೂಳಿಯ ಎಡಗಿವಿ

ಮ್ಯೂಸಿಯಂ ಉಗ್ರಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ ಅವರನ್ನು ಎಲ್ಲರೂ ಕರೆಯುವುದು ಬೀಗದಣ್ಣ ಎಂದೇ. ಹಾಕಿದ ಬೀಗವನ್ನು ಮೂರು ಸಲ ಜಗ್ಗಿ ನೋಡದೆ ಮನೆಗೆ ಹೊರಟವರಲ್ಲ. ಇಂಥ ಪುಕ್ಕಲು ಮನುಷ್ಯ ರೋಚಕ ಕಾದಂಬರಿ ಬರೆದರು! ಅದರಲ್ಲಿ ಕಳ್ಳರು ಎರಡು ಸಾವಿರ ವರ್ಷ ಹಳೆಯ ಮಣ್ಣಿನ ಗೂಳಿಯನ್ನು ಕದಿಯುತ್ತಾರೆ. ಅಂಟಿಸಿದ ಎಡಗಿವಿಯಿಂದ ಅದರ ಗುರುತು ಸಿಗುತ್ತದೆ.

ಆ ಗೂಳಿ ನಿಜವಾಗಿಯೂ ಉಗ್ರಾಣದಲ್ಲಿತ್ತು. ಬರೆಯುವ ಮುಂಚೆ ಒಮ್ಮೆ ಕೈಯಲ್ಲಿ ಹಿಡಿದು ನೋಡೋಣವೆಂದು ತೆಗೆದವರು ಕಿವಿ ಮುರಿದಿದ್ದರು. ತಮ್ಮ ಕನ್ನಡಕದ ಮುರಿದ ಕಡ್ಡಿಗೆ ಹಚ್ಚಿದ್ದ ಅಂಟಿನ ಟ್ಯೂಬಿನಿಂದಲೇ ಅದನ್ನೂ ಕೂರಿಸಿದ್ದರು. ವಿಷಯ ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೇ.

“ಮುರಿದದ್ದು ಸಾಲದು ಅಂತ ಪುಸ್ತಕದಲ್ಲಿ ಬೇರೆ ಯಾಕ್ರೀ ಬರೆದ್ರಿ?” ಎಂದು ಆಕೆ ಹಣೆ ಚಚ್ಚಿಕೊಂಡಿದ್ದಳು.

“ಕಥೆ ನಿಜ ಅನ್ನಿಸ್ಬೇಕಲ್ವೇನೇ?”

ಇವತ್ತು ಮ್ಯೂಸಿಯಮ್ಮಿನ ಹೊಸ ಮುಖ್ಯಸ್ಥೆ ಕಾದಂಬರಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದು ಪೆಟ್ಟಿಗೆ ತೆಗೆಸಿದರು. ಭೂತಗನ್ನಡಿ ಹಿಡಿದು ಕಿವಿಯನ್ನೇ ನೋಡತೊಡಗಿದರು. ಬೀಗದಣ್ಣ ಪಕ್ಕದ ಕಪಾಟಿನ ಬೀಗವನ್ನು ಸುಮ್ಮಸುಮ್ಮನೆ ಜಗ್ಗತೊಡಗಿದರು.

“ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದನ್ನ ನೀವು ಕಂಡ್ರಲ್ಲ ಅಣ್ಣ! ಆ ಕಾಲದವರೇ ಅಂಟಿಸಿರ್ಬೇಕು, ಅಲ್ವಾ?”

“ಇರ್ಬಹುದು ಮೇಡಂ.” ಹೋದ ಜೀವ ಬಂದಂತಾಯಿತು.

“ಹಾಗಾದ್ರೆ ಅಂಟು ಎಷ್ಟು ಹಳೇದು ಅಂತ ತಿಳಿಯೋಕೆ ನಾಳೆನೇ ಲ್ಯಾಬಿಗೆ ಕಳಿಸೋಣ. ವರದಿಯಲ್ಲಿ ನಿಮ್ಮ ಹೆಸರೇ ಮೊದಲು.”

ಬೆವರಿಗೆ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಮೇಡಂ ಬಗ್ಗಿ ಎತ್ತಿಕೊಂಡರು. ಹಿಂದಿರುಗಿಸಲು ಚಾಚಿದ ಕೈ ಅರ್ಧಕ್ಕೇ ನಿಂತಿತು. ಅಂಟಿಸಿದ ಕಡ್ಡಿಯ ಮೇಲೆ ಭೂತಗನ್ನಡಿ ನಿಧಾನವಾಗಿ ಇಳಿಯಿತು.