ಬಲಗಡೆಯ ಹೂವು

ಒದ್ದೆ ಸುಗಂಧರಾಜದ ವಾಸನೆ ಬಂದರೆ ನನಗೆ ಇಂದಿಗೂ ರಕ್ತ ನೆನಪಾಗುತ್ತದೆ. ಈಗ ಅಪಾರ್ಟ್‌ಮೆಂಟ್ ಎದ್ದಿರುವ ಯಡಿಯೂರಿನ ನಮ್ಮ ಹಳೆಯ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಮೊದಲು ಹೂವು ಕೇಳುತ್ತಿದ್ದರು. ನಿಮ್ಮಲ್ಲೂ ಇತ್ತೇನೋ. ದೇವಿಯ ಕಲ್ಲಿನ ಎರಡೂ ಕಡೆ ಒದ್ದೆ ಹೂವು ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಅಕ್ಕನ ಮದುವೆ, ಬೋರ್‌ವೆಲ್, ಮಹಡಿಯ ಬಾಡಿಗೆಯವರು, ಎಲ್ಲ ಹೀಗೇ ತೀರ್ಮಾನವಾದದ್ದು. ಅಜ್ಜಿಯ ಎದೆಯಲ್ಲಿ ಗಂಟು ಕಂಡು ಡಾಕ್ಟರು ಆಪರೇಷನ್ ಆಗಲೇಬೇಕು ಎಂದಾಗಲೂ ಅಪ್ಪ ಹೂವು ಕೇಳಿದ. ಎಡಗಡೆಯದು ಬಿತ್ತು.

ಅಷ್ಟರಲ್ಲಿ, ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದ ಚಿಕ್ಕಪ್ಪ ಅಜ್ಜಿಯನ್ನು ಕರೆದೊಯ್ಯಲು ಆಟೋ ತಂದಿದ್ದ. ವಿಷಯ ತಿಳಿದು ಕೆಂಡವಾದ, ಇದೆಲ್ಲ ಬರೀ ಮೌಢ್ಯ ಎಂದ. ಬ್ರಹ್ಮಾಂಡದ ತುಂಬ ಕಣ್ಣಿಗೆ ಕಾಣದ ವಸ್ತುವಿದೆ ಎಂದು ಅವನೇ ಹಬ್ಬದೂಟದಲ್ಲಿ ನಮ್ಮ ತಲೆ ತಿನ್ನುತ್ತಿದ್ದದ್ದು ಅಪ್ಪನಿಗೆ ನೆನಪಿತ್ತು.

"ಅದನ್ನ ಯಾರಾದ್ರೂ ಹಿಡಿದು ತೋರ್ಸಿದ್ದಾರೇನೋ? ನಿಂದಾದ್ರೆ ಥಿಯರಿ, ನಂದಾದ್ರೆ ಮೌಢ್ಯಾನಾ?"

"ನಮ್ದು ಸುಳ್ಳು ಅಂತ ಗೊತ್ತಾದ್ರೆ ಬಿಟ್ಬಿಡ್ತೀವಿ ಅಣ್ಣ. ನೀನು ಬಿಡ್ತೀಯಾ?" ಎಂದ ಚಿಕ್ಕಪ್ಪ, ದೇವಿಯ ಬಲಗಡೆ ಉಳಿದಿದ್ದ ಹೂವನ್ನು ಕಿತ್ತು ನೆಲಕ್ಕೆಸೆದ. "ತಗೋ, ಬಲಗಡೇದೂ ಬಿತ್ತು. ಅಮ್ಮನ್ನ ಕಳ್ಸು."

ಪೂಜೆಗೆಂದು ಅಪ್ಪ ಕೈಯಲ್ಲಿ ಹಿಡಿದಿದ್ದ ತೆಂಗಿನಕಾಯಿ ತಮ್ಮನ ಹಣೆಗೆ ಬಡಿಯಿತು. ಚಿಕ್ಕಪ್ಪ ಅಪ್ಪನ ಕುತ್ತಿಗೆ ಹಿಡಿದು ಮುಖವನ್ನು ಗೋಡೆಗೆ ಗುದ್ದಿದ. ಹಲ್ಲು ಮುರಿದು ಬಿತ್ತು. ಒಂದೇ ತಟ್ಟೆಯಲ್ಲಿ ಮುದ್ದೆ ಉಂಡು ಬೆಳೆದವರು ಬೀದಿನಾಯಿಗಳ ಹಾಗೆ ದೇವರ ಮುಂದೆ ಹೊರಳಾಡಿದರು. ಇಬ್ಬರ ಮೇಲೂ ನನಗೆ ಇನ್ನೂ ಸಿಟ್ಟಿದೆ. ಬಿಡಿಸಲು ಹೋದ ಅಜ್ಜಿಯನ್ನು ಯಾರದೋ ಮೊಣಕೈ ಕೆಡವಿತು. ಬಿದ್ದಲ್ಲಿಂದಲೇ ಅವಳು, "ನಾನು ಎಲ್ಲಿಗೂ ಹೋಗಲ್ಲ, ಬಿಡ್ರೋ" ಎಂದಳು. ಆಟೋ ಚಿಕ್ಕಪ್ಪನೊಬ್ಬನನ್ನೇ ಹೊಲಿಗೆ ಹಾಕಿಸಲು ಒಯ್ದಿತು.

ಅಜ್ಜಿ ಆ ದೀಪಾವಳಿ ಕಾಣಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟಾಗಲೂ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಿಥಿ ಮುಗಿದ ಮೇಲೆ ಅಪ್ಪ ಹೂವು ಕೇಳುವುದನ್ನು ನಿಲ್ಲಿಸಿದ. ಪೂಜೆ ಬಿಡಲಿಲ್ಲ, ದೇವಿಗೆ ಕುಂಕುಮವಿಟ್ಟು, ಹೂವನ್ನು ಕಲ್ಲಿಗೆ ಅಂಟಿಸದೆ ಪಾದದ ಬಳಿ ಇಡುತ್ತಿದ್ದ. ನಾನು ಸೈಕಲ್ ತುಳಿದುಕೊಂಡು ಜೆ.ಪಿ. ನಗರದ ಚಿಕ್ಕಪ್ಪನ ಮನೆಗೆ ಹೋಗಿ ಇದನ್ನು ಹೇಳಿದೆ. ಅವನು ನಂಬಲಿಲ್ಲ. ನಿಮ್ಮಪ್ಪ ಸಾಯೋವರ್ಗೂ ಬದಲಾಗಲ್ಲ ಕಣೋ ಎಂದ. ಬಂದು ನೋಡಿ ಎಂದೆ. ಬರಲಿಲ್ಲ.

ಬಂದದ್ದು ಅಪ್ಪ ತೀರಿಕೊಂಡ ದಿನ. ಚಿಕ್ಕಪ್ಪನ ಹಣೆಯ ಕಲೆ ಹಾಗೇ ಇತ್ತು. ದೇವರಮನೆಗೆ ಹೋಗಿ ಕಲ್ಲಿನ ಎರಡೂ ಕಡೆ ಬೆರಳಾಡಿಸಿದ. ಒಣಗಿತ್ತು, ಹೂವು ಅಂಟಿಸಿದ ಗುರುತೇ ಇರಲಿಲ್ಲ. ಅಪ್ಪ ಕೊನೆಯದಾಗಿ ಇಟ್ಟ ಹೂವು ಪಾದದ ಬಳಿ ಬಾಡಿತ್ತು.

"ಒಂದು ಸಲ ಬಂದು ನೋಡ್ಬೇಕಿತ್ತು" ಎಂದು ಅಲ್ಲೇ ಕುಸಿದು ಕುಳಿತ.