ಅರ್ಧ ತೆರೆದ ಪೆಟ್ರೋಲ್ ನಳ

ನಮ್ಮ ಮನೆತನದಲ್ಲಿ ಡಿಗ್ರಿ ಅನ್ನೋದು ಆಗದ ಮಾತು ಅಂತ ಊರ ಕಟ್ಟೆಯ ಮೇಲೆ ಕೂತು ಸಾರಿದವನು ನನ್ನ ಸೋದರಮಾವ. "ನಮ್ಮ ಮಂದಿಗೆ ದೇವರು ತಲಿ ಕೊಟ್ಟಿದ್ದು ಪಟಗಾ ಸುತ್ತಾಕ" ಅನ್ನುತ್ತಿದ್ದ. ಕಂದೀಲು ಇಟ್ಟುಕೊಂಡು ಓದಿ, ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ ನಾನು ಬಿ.ಎಸ್ಸಿ. ಪಾಸಾದಾಗಲೂ ಆತ ಸೋಲಲಿಲ್ಲ. "ಪೇಪರಿನವ್ರು ನಂಬರ್ ತಪ್ಪು ಹಾಕಿರ್ತಾರ. ಸರ್ಟಿಫಿಕೇಟ್ ಬರಲಿ, ನೋಡೂಣು."

ಸರ್ಟಿಫಿಕೇಟು ಬಂದದ್ದು ಶಿವರಾತ್ರಿಯ ಹೊತ್ತಿಗೆ. ರಾಯಚೂರಿನಲ್ಲಿ ನನಗೆ ಪಾಠ ಹೇಳಿದ ಲೆಕ್ಚರರು ಲಿಂಗಸುಗೂರಿನವರು. ಅದನ್ನು ತಾವೇ ಕಾಲೇಜಿನಿಂದ ತಮ್ಮೂರಿಗೆ ತಂದು, ನನಗೊಂದು ಕಾರ್ಡು ಬರೆದಿದ್ದರು. ಸೋಮವಾರ ಮಧ್ಯಾಹ್ನ ಒಂದರ ಬಸ್ಸಿಗೆ ಬಾಗಲಕೋಟೆಗೆ ಮಗಳ ಮನೆಗೆ ಹೊರಡುವವರು, ಬರೋದು ತಿಂಗಳಾಗುತ್ತದೆ, ಅದರೊಳಗೆ ಬಂದು ಒಯ್ಯಬೇಕು. ಮಾಸ್ತರಿಕೆಯ ಅರ್ಜಿಗೆ ಮಂಗಳವಾರವೇ ಕಡೇ ದಿನ. ಸರ್ಟಿಫಿಕೇಟ್ ಇಲ್ಲದ ಅರ್ಜಿಯನ್ನು ಮುಟ್ಟಿಯೂ ನೋಡುವುದಿಲ್ಲ ಅಂತ ಆಫೀಸಿನವರು ಮೊದಲೇ ಹೇಳಿದ್ದರು.

ಸೋಮವಾರ ಬೆಳಿಗ್ಗೆ ಸಿಂಧನೂರಿಗೆ ನಡೆದು ಏಳರ ಬಸ್ಸು ಹಿಡಿಯಲು ಹೊರಟವನನ್ನು ಮಾವ ಅಡ್ಡಗಟ್ಟಿದ.

"ಡಿಗ್ರಿ ತರಾಕ ಕೋಳಿ ಬುಟ್ಟಿ ನಡುವ ಕುಂತು ಹೋಗ್ತಿಯೇನಲೇ? ನನ್ನ ಫಟ್‌ಫಟಿ ಐತಿ. ಎರಡು ತಾಸಿಗೆ ಮುಟ್ಟಸ್ತೀನಿ."

ಮಾವ ಕಾಲುವೆಯ ತೂಬು ಕಾಯುವ ಸೌಡಿ. ಯಾವ ಹೊಲಕ್ಕೆ ಎಷ್ಟು ನೀರು ಅನ್ನೋದು ಆತನ ಕೈಯಲ್ಲಿತ್ತು. ಮೋಟರ್‌ಸೈಕಲ್ಲನ್ನು, ಕಾಲುವೆ ನೀರಿಗಾಗಿ ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪಿನ ಒಬ್ಬ ರೈತನಿಂದ ಹಳೇದು ತಗೊಂಡಿದ್ದ. ಚಳಿಯಲ್ಲಿ ಗಾಳಿಗೆ ಎದೆ ಹಿಡಿಯುತ್ತದೆ ಅಂತ ದೀಪಾವಳಿಯಿಂದ ಅದನ್ನು ಮುಟ್ಟಿರಲಿಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮನೆಯ ಒಳ್ಳೇ ಕಂಬಳಿ ಹೊದಿಸಿದ್ದ. ನಮ್ಮತ್ತೆ ಆ ಚಳಿಗಾಲವನ್ನೆಲ್ಲ ಗೋಣಿಚೀಲದ ಕೌದಿಯಲ್ಲಿ ಕಳೆದಳು.

ಕಂಬಳಿ ತೆಗೆದು ಒದ್ದ, ಒದ್ದ, ಒದ್ದ. ಗಾಡಿ ಹೂಂ ಅನ್ನಲಿಲ್ಲ. ಬಾಗಿಲಿಗೆ ಆತುಕೊಂಡು ನಿಂತಿದ್ದ ಅತ್ತೆ, "ಬೆಚ್ಚಗ ಮಲಗೈತಿ, ಎಬ್ಬಸಬ್ಯಾಡ್ರಿ ಪಾಪ" ಅಂದಳು.

ಕಡೆಗೆ ನಾಲ್ಕು ಮಂದಿ ನೂಕಿದ ಮೇಲೆ ಕೆಮ್ಮಿ, ಸೀನಿ, ಹತ್ತಿಕೊಂಡಿತು. ಅಷ್ಟರಲ್ಲಿ ಏಳರ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ದಾರಿಯುದ್ದಕ್ಕೂ ಹರದಾರಿಗೊಮ್ಮೆ ನಿಲ್ಲುವುದು, ನಾನು ಇಳಿದು ನೂಕುವುದು, ಓಡಿ ಹತ್ತುವುದು. ಮಸ್ಕಿಯ ಹತ್ತಿರ ಬಂದಾಗ ಪೂರ್ತಿ ಸತ್ತೇ ಹೋಯಿತು. ಊರೊಳಗೆ ಬೇವಿನ ಮರದ ಕೆಳಗೆ ರಿಪೇರಿ ಮಾಡುವ ಮೇಸ್ತ್ರಿಯ ಮುಂದೆ ದೂಡಿಕೊಂಡು ನಿಲ್ಲಿಸಿದಾಗ ಹನ್ನೊಂದು ಹೊಡೆದಿತ್ತು.

ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ವಾರ್ನಿಶ್ ವಾಸನೆ. ಕಾರ್ಬೊರೇಟರ್ ಬಿಚ್ಚಿ ಕೆಳಗಿನ ಬಟ್ಟಲು ತೋರಿಸಿದ. ಸುಟ್ಟ ಬೆಲ್ಲದ ಪಾಕದಂಥ ಕಂದು ಅಂಟು ತಳಕ್ಕೆ ಹತ್ತಿತ್ತು.

"ಮಾಲಕ್ರ, ಪೆಟ್ರೋಲ್ ನಳ ಬಂದ್ ಮಾಡಿ ಇಟ್ಟಿದ್ರೋ ಇಲ್ಲೋ?"

"ದೀಪಾವಳಿಯಿಂದ ಅರ್ಧ ತಗದು ಇಟ್ಟಿದ್ದೆ" ಅಂದ ಮಾವ, ಶಾಣ್ಯಾತನದ ದನಿಯಲ್ಲಿ. "ತೂಬು ಪೂರಾ ಮುಚ್ಚಿದ್ರ ಹೂಳು ಕುಂದರತೈತಿ. ಸಣ್ಣಗ ಹರೀತಿರಬೇಕು. ಹದಿನೈದು ವರ್ಷದ ಸರ್ವಿಸ್ ನಂದು."

ಮೇಸ್ತ್ರಿ ಪಾನಾ ಕೆಳಗಿಟ್ಟ. "ನಿಮ್ಮ ಕಾಲುವಿಗೆ ಮ್ಯಾಲಿಂದ ಹೊಸ ನೀರು ಬರತೈತ್ರಿ. ಇದರ ಮ್ಯಾಲ ಯಾವ ಡ್ಯಾಮ್ ಐತಿ? ಆರಿದಷ್ಟು ಇಳದೈತಿ, ಇಳದಷ್ಟು ಆರೈತಿ. ನಾಕು ತಿಂಗಳು ಪಾಕಾ ಕಾಸೀರಿ ನೀವು."

ಮಾವ ನನ್ನ ಮುಖ ನೋಡಿದ. ಪದವೀಧರನಲ್ಲವೇ ನಾನು, ಸುಮ್ಮನಿರಲಾಗಲಿಲ್ಲ. ಪೆಟ್ರೋಲಿನ ಹಗುರ ಅಂಶ ಆವಿಯಾಗುತ್ತದೆ, ಭಾರದ್ದು ಉಳಿದು ಅಂಟಾಗುತ್ತದೆ ಅಂತ ವಿವರಿಸಿದೆ.

"ಇಷ್ಟು ಕಲಿಯಾಕ ರಾಯಚೂರಿಗೆ ಹೋಗಿದ್ಯಾ ತಮ್ಮಾ?" ಅಂದ ಮೇಸ್ತ್ರಿ. "ಇಲ್ಲೇ ಬಂದು ಕೇಳಿದ್ರ ನಾನs ಹೇಳ್ತಿದ್ದೆ."

ಮಾವ ನಕ್ಕ ನಗುವಿಗೆ ಮರದ ಕಾಗೆಗಳು ಹಾರಿದವು.

ಪೆಟ್ರೋಲ್ ಹರಿಯುವ ಜೆಟ್ಟಿನ ತೂತು ಸಾಸಿವೆಗಿಂತ ಸಣ್ಣದು, ಪೂರ್ತಿ ಕಟ್ಟಿತ್ತು. ಅವಸರಕ್ಕೆ ನಾನು ಅಂಗಿಯ ಪಿನ್ನು ಕಿತ್ತು ಕೊಟ್ಟೆ. ಮೇಸ್ತ್ರಿ ಬೈದ: ಪಿನ್ನು ಹಾಕಿದರೆ ತೂತು ಅಗಲಾಗಿ ಗಾಡಿ ಹಾಳಾಗುತ್ತದೆ. ಹಳೇ ಕ್ಲಚ್ ವೈರಿನ ಒಂದೇ ಎಳೆ ಬಿಡಿಸಿ ಮೆಲ್ಲಗೆ ಆಡಿಸಿದ. ಅಷ್ಟು ತಡೆಯಲಾರದೆ ಮಾವ ಜೆಟ್ಟನ್ನೇ ಕಸಿದು ಬಾಯಿಗಿಟ್ಟು ಊದಿದ. ಅಂಟು ಹೊರಗೆ ಹೋಯಿತೋ ಮಾವನ ಹೊಟ್ಟೆಗೆ ಹೋಯಿತೋ, ಅಂತೂ ತೂತಿನಲ್ಲಿ ಬೆಳಕು ಕಂಡಿತು. ಹಳೇ ಪೆಟ್ರೋಲ್ ಚೆಲ್ಲಿ, ಹೊಸದು ಹಾಕಿ, ಎರಡನೇ ಒದೆಗೆ ಗಾಡಿ ಹತ್ತಿತು. ಹನ್ನೆರಡು ದಾಟಿತ್ತು.

"ಲಿಂಗಸುಗೂರು ಮುಟ್ಟೂತನಕ ಬಂದ್ ಮಾಡಬ್ಯಾಡ್ರಿ" ಅಂತ ಮೇಸ್ತ್ರಿ ಕೂಗಿ ಹೇಳಿದ.

ಬಸ್ ಸ್ಟ್ಯಾಂಡಿಗೆ ನಾವು ನುಗ್ಗಿದಾಗ ಬಾಗಲಕೋಟೆ ಬಸ್ಸು ಹೊರಳುತ್ತಿತ್ತು. ಮಾವ ಸೀದಾ ಅದರ ಮೂತಿಗೆ ಗಾಡಿ ಅಡ್ಡ ನಿಲ್ಲಿಸಿದ. ಇಂಜಿನ್ನು ಮಾತ್ರ ಆರಿಸಲಿಲ್ಲ, ಭರ್‍ರ್ ಅಂತ ಏರಿಸುತ್ತಲೇ ಇದ್ದ.

"ಏ ಯಜಮಾನಾ, ತಲಿ ಕೆಟ್ಟೈತೇನು? ಗಾಡಿ ತಗಿ!" ಡ್ರೈವರ್ ಒದರಿದ.

"ತಗದ್ರ ಇದು ಸಾಯತೈತಿ! ನಮ್ಮ ಅಳಿಯನ ಡಿಗ್ರಿ ನಿನ್ನ ಬಸ್ಸಿನಾಗ ಐತಿ, ಮೊದ್ಲು ಅದನ್ನ ಇಳಸು!"

ಬಸ್ಸಿಗೆ ಬಸ್ಸೇ ನಕ್ಕಿತು. ಮೂರನೇ ಕಿಟಕಿಯಿಂದ ನಮ್ಮ ಲೆಕ್ಚರರು ತಲೆ ಹೊರಹಾಕಿದರು. "ನಿನಗಾಗಿ ಕಾದು ಕಾದು ಹತ್ತಿದೆ ಮಾರಾಯಾ. ಇಲ್ಲಿ ಸಹಿ ಮಾಡು." ಬಸ್ಸಿನ ತಗಡಿಗೆ ಕಾಗದ ಒತ್ತಿ ಸಹಿ ಮಾಡಿದೆ. ಕಿಟಕಿಯಿಂದಲೇ ದಪ್ಪನೆಯ ಲಕೋಟೆ ನನ್ನ ಕೈಗೆ ಬಂತು.

ಬಸ್ಸು ಹೋಯಿತು. ಗಾಡಿ ತಾನಾಗಿ ಆರಿತು. ಲಕೋಟೆ ಬಿಚ್ಚಿ ಮಾವನ ಕಡೆ ಚಾಚಿದೆ. ಆತ ಎರಡೂ ಕೈ ಬೆನ್ನ ಹಿಂದೆ ಒಯ್ದ.

"ನನ್ನ ಕೈಗೆ ಕೊಡಬ್ಯಾಡಲೇ, ಎಣ್ಣಿ ಹತ್ತೈತಿ. ನೀನs ಹಿಡಿ. ಇದರಾಗ ನಿನ್ನ ಹೆಸರು ಎಲ್ಲೈತಿ, ಬೆರಳಿಟ್ಟು ತೋರಸು... ಹೂಂ. ತಡಿ, ಬೆರಳು ತಗೀಬ್ಯಾಡ. ಇನ್ನೊಂದೀಟು ನೋಡ್ತೀನಿ."